ಕುರಿಗಾಹಿ, ಪ್ರತಿ ಒಂಬತ್ತು

ಬೆಳಗಿನ ಆರಕ್ಕೆ ನಾನು ಯಂತ್ರಕ್ಕೆ ಸೊನ್ನೆ ತೋರಿಸುತ್ತೇನೆ.
ಇಲ್ಲಿ ಎಡ, ಇಲ್ಲಿ ಮೇಲೆ, ಇಲ್ಲಿಂದ ಆಳ ಶುರು.
ಮೂರು ಸೊನ್ನೆ ಸೇರುವ ಮೂಲೆಯಲ್ಲಿ ಪೆನ್ಸಿಲಿನ ಒಂದು ಚುಕ್ಕೆ.
ಅಷ್ಟು ಸಾಕು,
ಮಿಕ್ಕಿದ್ದೆಲ್ಲ ಅದಕ್ಕೆ ಬಾಯಿಪಾಠ.

ಗಾರ್ಡೇನಾ ಕಣಿವೆಯ ನೆತ್ತಿಯಲ್ಲಿ ಹಿಮಕ್ಕೆ ಹೆದರದೆ
ಇನ್ನೂರು ವರ್ಷ ನಿಧಾನವಾಗಿ ಬೆಳೆದ ಪೈನು
ಈಗ ಒಂದು ಮೊಳದ ತುಂಡಾಗಿ ಹಿಡಿಕೆಗಳ ನಡುವೆ ಮಲಗಿದೆ,
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದವರ ಹಾಗೆ.

ಮೊದಲು ದಪ್ಪ ಮೊನೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ,
ಗುಡ್ಡದ ನಕಾಶೆಯಂತೆ ಒಂದು ಭುಜ, ಒಂದು ಟೋಪಿ,
ಯಾರೆಂದು ಇನ್ನೂ ಹೇಳಲಾಗದ ಯಾರೋ.
ಆಮೇಲೆ ಗುಂಡು ಮೊನೆ, ಮೂರು ಮಿಲಿಮೀಟರಿನದು,
ಹೋಗುತ್ತದೆ, ಬರುತ್ತದೆ, ಹೋಗುತ್ತದೆ,
ಏಳು ಗಂಟೆ ಇಪ್ಪತ್ತು ನಿಮಿಷ,
ಊಟ ಕೇಳದೆ, ಕೆಮ್ಮದೆ, ಯಾರನ್ನೂ ಬೈಯದೆ.

ಒತ್ತಿಲಿಯಾ ಬೈಯುತ್ತಾಳೆ.
ಎಪ್ಪತ್ತೆರಡರ ಒತ್ತಿಲಿಯಾ, ಕಿಟಕಿ ಪಕ್ಕದ ಬೆಂಚಿನಲ್ಲಿ,
ಈ ಕುರಿಗಾಹಿಯನ್ನು ಹೆತ್ತವಳು.
ಕೈ ನಡುಗಲು ಶುರುವಾಗುವ ಹಿಂದಿನ ಚಳಿಗಾಲ ಅವನನ್ನು ಕೆತ್ತಿದಳು;
ನಾವು ಬೆಳಕಿನ ಗೀರು ಎಳೆದು ಅವನನ್ನು ಅಳೆದೆವು,
ಒಂಬತ್ತು ಲಕ್ಷ ತ್ರಿಕೋನ ಮಾಡಿ ಪರದೆಗೆ ಹಾಕಿದೆವು.
ತಿರುಗಿಸಿ ತಿರುಗಿಸಿ ತೋರಿಸಿದೆ.
"ಇಂಗೆನುಯಿನ್, ಒಳಗೆ ಟೊಳ್ಳಲ್ಲವೇನೋ?"
ಹೌದು ಎಂದೆ. ಬರೀ ಚರ್ಮ.
"ಹಾಗಾದರೆ ನನ್ನದಲ್ಲ," ಎಂದು ಸಹಿ ಹಾಕಿದಳು.

ಆದರೂ ಅದಕ್ಕೆ ಎಟುಕದ ಜಾಗಗಳುಂಟು.
ಮರಿಯನ್ನು ಅವುಚಿಕೊಂಡ ಕೈಯ ಕೆಳಗೆ,
ಗದ್ದದ ಹಿಂದೆ, ಮರಿಯ ನಾಲ್ಕು ಕಾಲುಗಳ ನಡುವೆ.
ಮೇಲಿನಿಂದ ಮಾತ್ರ ಬರಬಲ್ಲದ್ದಕ್ಕೆ ಕಂಕುಳು ಗೊತ್ತಿಲ್ಲ.
ಅಲ್ಲಿ ಮರ ಮರವಾಗಿಯೇ ಉಳಿಯುತ್ತದೆ.
ಉಳಿದದ್ದಕ್ಕೆ ಉಳಿ.
ಒತ್ತಿಲಿಯಾ ಮೊಣಕೈ ಬೆಂಚಿಗೆ ಊರಿ,
ನಡುಕ ನಿಂತ ಅರೆಗಳಿಗೆಗೆ ಕಾದು, ಒಂದು ಚಕ್ಕೆ ತೆಗೆಯುತ್ತಾಳೆ,
ಮತ್ತೆ ಕಾಯುತ್ತಾಳೆ.
ಮರಿ ಉಸಿರಾಡುವಷ್ಟು ಜಾಗ.
ಒಂದಕ್ಕೆ ಹನ್ನೊಂದು ಯೂರೋ.

ಎಂಟು ಮಂದಿ ಹೀಗೆ ಆದರು. ಕಪಾಟಿನಲ್ಲಿ ಸಾಲಾಗಿ
ಎಂಟೂ ಒಂದೇ ಕಡೆ ನೋಡುತ್ತ, ಬಸ್ಸು ತಪ್ಪಿದವರು.

ಒಂಬತ್ತನೆಯವನು ಮೂಗಿನವರೆಗೆ ಬಂದಾಗ
ಹಿಮದ ಭಾರಕ್ಕೆ ಎಲ್ಲೋ ತಂತಿ ಕಡಿದು ಕರೆಂಟು ಹೋಯಿತು.
ಯಂತ್ರ ನಿಂತಲ್ಲೇ ನಿಂತಿತು,
ಮಾತಿನ ಮಧ್ಯೆ ಹೆಸರು ಮರೆತವರಂತೆ.
ಕರೆಂಟು ಬಂದಾಗ ಸೊನ್ನೆ ಹುಡುಕಿದೆ. ಪೆನ್ಸಿಲಿನ ಚುಕ್ಕೆ
ಮೊದಲ ಸುತ್ತಿನಲ್ಲೇ ಹುಡಿಯಾಗಿ ಹೋಗಿತ್ತು.
ಅಂದಾಜಿಗೆ ಇಟ್ಟೆ.
ಅಂದಾಜು! ನಾಲ್ಕು ಮಿಲಿಮೀಟರ್ ಎಡಕ್ಕೆ.

ಹಣೆ ಒಂದು ಕಡೆ, ಬಾಯಿ ಒಂದು ಕಡೆ.
ಒಲೆಗೆ ಎಂದು ಬುಟ್ಟಿಗೆ ಎಸೆದೆ.
ಒತ್ತಿಲಿಯಾ ಅವನನ್ನು ಹೆಕ್ಕಿದಳು, ಕಿಟಕಿಯ ಬೆಳಕಿಗೆ ಹಿಡಿದಳು,
ಬೈಯಲಿಲ್ಲ. ನನಗೆ ಅದೇ ಭಯ.

"ಯಾರೋ ಕರೆದಿದ್ದಾರೆ ಇವನನ್ನು," ಅಂದಳು. "ನೋಡು,
ಕಣ್ಣು ಇನ್ನೂ ಕುರಿಗಳ ಮೇಲೆ, ಬಾಯಿ ಆಗಲೇ ಆ ಕಡೆ."
ಐವತ್ತು ವರ್ಷ ಕೆತ್ತಿದಳಂತೆ
ದೇವದೂತನ ಕೂಗು ಕೇಳಿದ ಕುರಿಗಾಹಿಗಳನ್ನು,
ಎಲ್ಲರೂ ಕೇಳಿ ಮುಗಿಸಿದವರೇ.
ಕೇಳುತ್ತಿರುವವನು ಒಬ್ಬನೂ ಸಿಕ್ಕಿರಲಿಲ್ಲವಂತೆ.

ಆ ರಾತ್ರಿ ನಾನೊಬ್ಬನೇ ಕೂತು
ಬೇಕೆಂದೇ ಮೂಗಿನ ಸಾಲಿನಲ್ಲಿ ನಿಲ್ಲಿಸಿದೆ,
ಅಳೆದು ನಾಲ್ಕೇ ಮಿಲಿಮೀಟರ್ ಸರಿಸಿದೆ, ಬಿಟ್ಟೆ.
ಬೆಳಿಗ್ಗೆ ಹಿಡಿಕೆ ಬಿಚ್ಚಿದರೆ
ಲಕ್ವ ಹೊಡೆದ ಒಬ್ಬ ಮನುಷ್ಯ.
ಮರುರಾತ್ರಿ ಮೂರು. ಅದರಾಚೆ ಐದು.
ಮೂವರೂ ಒಲೆಗೆ ಹೋದರು, ಒತ್ತಿಲಿಯಾ ಬರುವ ಮೊದಲೇ.

ಒಂಬತ್ತನೆಯವನ ಕಂಕುಳನ್ನು ಅವಳಿನ್ನೂ ಬಿಡಿಸಿಲ್ಲ.
ಮುಟ್ಟಿದರೆ ತಿರುಗಿಬಿಟ್ಟಾನು ಅನ್ನುತ್ತಾಳೆ.
ಅಂಟಿನ ಡಬ್ಬಿಯ ಪಕ್ಕ ನಿಂತಿದ್ದಾನೆ,
ಮರಿ ಅವನ ಎದೆಯ ಮರದೊಳಗೇ ಅರ್ಧ ಇದೆ.

ಸಂಜೆ ಹುಡಿಯ ಚೀಲ ಬಿಚ್ಚುತ್ತೇವೆ. ಈ ಪೈನಿನ ಚಕ್ಕೆ ತುಂಬಿದ ದಿಂಬಿಗೆ
ನಿದ್ದೆ ಚೆನ್ನಾಗಿ ಹತ್ತುತ್ತದೆಂದು ನಮ್ಮ ಕಡೆ ನಂಬಿಕೆ.
ಒತ್ತಿಲಿಯಾಗೆ ಯಂತ್ರದ ಹುಡಿ ಬೇಡ,
ತನ್ನ ಬೆಂಚಿನ ಕೆಳಗೆ ಬಿದ್ದದ್ದು ಮಾತ್ರ, ಕರವಸ್ತ್ರದಲ್ಲಿ ಕಟ್ಟಿ ಒಯ್ಯುತ್ತಾಳೆ.
ಒಂದು ದಿಂಬಿಗೆ ಎಷ್ಟು ಕಂಕುಳು ಬೇಕೆಂದು ಲೆಕ್ಕ ಹಾಕಿ ನೋಡಿದೆ.
ಈ ಚಳಿಗಾಲಕ್ಕೆ ಸಾಲದು.